ಹಾನಗಲ್ ಗೆರೆ ಇಳಿದ ಬಗೆ

ಹಾನಗಲ್ಲಿನ ಗೆರೆ ಅಷ್ಟು ಇಳಿಯಬಾರದಿತ್ತು. ಇಳಿದರೂ ಉಳಿದ ಮೂರು ತಾಲೂಕುಗಳ ಗೆರೆಗಳ ಹಾಗೆ ಮರ್ಯಾದೆಯಿಂದ ಇಳಿಯಬೇಕಿತ್ತು. ಆರೋಗ್ಯ ಇಲಾಖೆಯ ಕಚೇರಿಯ ಗೋಡೆಗೆ ಅಂಟಿಸಿದ್ದ ದೊಡ್ಡ ಹಾಳೆಯಲ್ಲಿ ಶಿಗ್ಗಾಂವಿಯ ನೀಲಿ ಗೆರೆ ಸ್ವಲ್ಪ ತಗ್ಗಿತ್ತು, ಹಿರೇಕೆರೂರಿನ ಹಸಿರು ಗೆರೆ ಅದಕ್ಕಿಂತ ತುಸು ಹೆಚ್ಚು ತಗ್ಗಿತ್ತು, ಸವಣೂರಿನ ಹಳದಿ ಗೆರೆ ತಾನಿದ್ದಲ್ಲೇ ಹಾಯಾಗಿ ಮಲಗಿತ್ತು. ಹಾನಗಲ್ಲಿನ ಕೆಂಪು ಗೆರೆ ಮಾತ್ರ ಹಗ್ಗ ಹರಿದ ಕೊಡದ ಹಾಗೆ ಮೇಲಿನಿಂದ ನೇರ ತಳಕ್ಕೆ ಬಿದ್ದಿತ್ತು.

ಅದು ಹೆಪಟೈಟಿಸ್ ಬಿ ರೋಗದ ಲೆಕ್ಕ. ಲಿವರಿಗೆ ಹತ್ತುವ, ರಕ್ತದಿಂದ ರಕ್ತಕ್ಕೆ ದಾಟುವ ಈ ರೋಗ ಯಾವ ತಾಲೂಕಿನಲ್ಲಿ ಏರುತ್ತಿದೆ, ಎಲ್ಲಿ ಇಳಿಯುತ್ತಿದೆ ಎಂದು ತಿಳಿಯಲು ಕೆಲವು ವರ್ಷಕ್ಕೊಮ್ಮೆ ಅದೇ ಊರಿನ ಅದೇ ಮನೆಗಳವರ ರಕ್ತ ನೋಡುತ್ತಾರೆ. ಹೆಸರು ಹೊರಗೆ ಬರುವುದಿಲ್ಲ, ಊರಿನ ಒಟ್ಟು ಲೆಕ್ಕ ಮಾತ್ರ. ಹಾನಗಲ್ ತಾಲೂಕಿನ ಪಾಲಿಗೆ ಚೀಟಿ ಎತ್ತಿ ಆರಿಸಿದ ಊರು ಅಕ್ಕಿಆಲೂರಿನಾಚೆಯ ಬ್ಯಾಲದಕೊಪ್ಪ. ಹಿಂದಿನ ಸಲ ಆ ಊರಲ್ಲಿ ಅರ್ಧಕ್ಕರ್ಧ ಜನರ ರಕ್ತದಲ್ಲಿ ರೋಗ ಕಂಡಿತ್ತು. ಈ ಸಲ ಒಬ್ಬರಲ್ಲೂ ಇಲ್ಲ.

ಈ ಸಲ ರಕ್ತ ನೋಡಿದವನು ದುರ್ಗೇಶ, ಗುತ್ತಿಗೆಯ ಮೇಲಿನ ಲ್ಯಾಬ್ ಟೆಕ್ನಿಷಿಯನ್. ಅವನ ಗುತ್ತಿಗೆ ಹೋದ ತಿಂಗಳೇ ಮುಗಿದಿತ್ತು. ಮುಂದುವರಿಸುವ ಕಾಗದ ಮೇಲ್ವಿಚಾರಕ ಪರಮೇಶಪ್ಪನವರ ಚೀಲದಲ್ಲಿ ಸಹಿಗಾಗಿ ಕಾಯುತ್ತಿತ್ತು. ಬೆಂಗಳೂರಿನ ಮುಖ್ಯ ಕಚೇರಿಯಿಂದ ಮೇಡಂ ಬಂದು ಗೆರೆ ನೋಡಿ ಮೆಚ್ಚಿಕೊಳ್ಳಲಿ, ಅದೇ ಸಂಜೆ ಸಹಿ ಹಾಕುತ್ತೇನೆ ಎಂದು ಪರಮೇಶಪ್ಪ ಹೇಳಿದ್ದರು. ಸಹಿ ಆಗದಿದ್ದರೆ ದುರ್ಗೇಶ ರಟ್ಟೀಹಳ್ಳಿಗೆ ಹೋಗಿ ಮಾವನ ಹಿಟ್ಟಿನ ಗಿರಣಿಯಲ್ಲಿ ಕೂರಬೇಕಾಗಿತ್ತು. ಗಿರಣಿಯ ಧೂಳನ್ನಾದರೂ ಸಹಿಸಬಹುದು. ಹಿಟ್ಟು ಬೀಸಲು ಬಂದವರಿಗೆಲ್ಲ "ಇವ ನಮ್ಮ ಅಳಿಯಾ, ಸರಕಾರದಾಗ ಇದ್ದಾ, ಈಗ ಇಲ್ಲ" ಎಂದು ಪರಿಚಯ ಮಾಡಿಕೊಡುವ ಮಾವನನ್ನು ಸಹಿಸುವುದು ಕಷ್ಟ. ಬೆಳಿಗ್ಗೆ ಶಿಗ್ಗಾಂವಿಯ ಮನೆಯಿಂದ ಹೊರಡುವಾಗ ಹೆಂಡತಿ ಮಲ್ಲಿಕಾ ಬುತ್ತಿಯ ಜೊತೆಗೆ ಒಂದೇ ಮಾತು ಕಟ್ಟಿಕೊಟ್ಟಿದ್ದಳು.

"ಸಹಿ ಮಾಡಿಸ್ಕೊಂಡ ಬರ್ರಿ. ಇಲ್ಲಂದ್ರ ನಮ್ಮಪ್ಪಗ ಫೋನ್ ನೀವ ಹಚ್ಚಬೇಕು."

ನೀಲಾಂಬಿಕಾ ಮೇಡಂ ಬಂದರು, ಚಹದ ಕಪ್ಪು ಕೈಯಲ್ಲಿ ಹಿಡಿದೇ ಗೋಡೆಯ ಮುಂದೆ ನಿಂತರು. ನೀಲಿ ನೋಡಿದರು, ಹಸಿರು ನೋಡಿದರು, ಹಳದಿ ನೋಡಿದರು. ಕೆಂಪಿನ ಹತ್ತಿರ ಬಂದಾಗ ಕಪ್ಪು ಬಾಯಿಗೆ ಹೋಗದೆ ಅರ್ಧ ದಾರಿಯಲ್ಲಿ ನಿಂತಿತು.

"ಇದು ಹೇಗೆ ಇಳೀತು?" ಎಂದರು.

ಪರಮೇಶಪ್ಪ ಈ ಪ್ರಶ್ನೆಗಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಜಾಗೃತಿ ಎಂದರು, ಗೋಡೆಬರಹ ಎಂದರು, ಶಾಲೆ ಮಕ್ಕಳ ಜಾಥಾ ಎಂದರು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ಆ ಊರನ್ನು ಕಣ್ಣಾರೆ ನೋಡಬೇಕು, ಅಲ್ಲಿ ಮಾಡಿದ್ದನ್ನು ಬೇರೆ ಊರುಗಳಿಗೂ ಕಲಿಸಬೇಕು, ಊಟ ಮುಗಿಸಿ ಹೊರಡೋಣ, ಕಿಟ್ಟುಗಳನ್ನೂ ಜೀಪಿಗೆ ಹಾಕಿಸಿ ಎಂದುಬಿಟ್ಟರು. ಎಲ್ಲರ ಎದುರಿಗೇ ಇನ್ನೊಮ್ಮೆ ರಕ್ತ ನೋಡುವ ವಿಚಾರ ಅವರದು.

ಪರಮೇಶಪ್ಪ ದುರ್ಗೇಶನನ್ನು ಬಾಗಿಲಾಚೆ ಎಳೆದರು.

"ನೀ ಗಾಡಿ ತಗೊಂಡು ಮುಂದ ನಡಿ. ಮಂದಿನ ಕೂಡಿಸು. ಹೆಂಗ ಇಳೀತು ಅಂತ ಕೇಳಿದ್ರ ಎಲ್ಲಾರೂ ಒಂದ ಕಾರಣ ಹೇಳಬೇಕು. ಬಾಯಿಗೊಂದು ಹೇಳಿದ್ರ ನಿನ್ನ ಕಾಗದಾ ನನ್ನ ಚೀಲದಾಗ ಇರ್ತೈತಿ, ತಿಳೀತಿಲ್ಲೋ?"

ತಿಳಿಯಿತು. ದುರ್ಗೇಶ ಬುತ್ತಿ ಬಿಚ್ಚದೆ ಬೈಕ್ ಹತ್ತಿದ. ಅಕ್ಕಿಆಲೂರಿನ ಸಂತೆಯ ದಿನ ಬೇರೆ. ರೈಸ್ ಮಿಲ್ಲಿನ ಮುಂದೆ ಟ್ರ್ಯಾಕ್ಟರುಗಳು, ಮೆಣಸಿನಕಾಯಿ ಚೀಲಗಳು, ರಸ್ತೆಯ ನಡುವೆ ನಿಂತು ಹರಟುವ ಬೀಗರು. ಒಂದೊಂದು ಹಾರ್ನಿಗೂ ಅವನು ಜೀಪು ಬಂತೇ ಎಂದು ಹಿಂದೆ ತಿರುಗಿ ನೋಡುತ್ತಿದ್ದ. ಊಟ ಮುಗಿಸಲು ಮೇಡಂಗೆ ಎಷ್ಟು ಹೊತ್ತು ಬೇಕು? ರೊಟ್ಟಿಯಾದರೆ ಸ್ವಲ್ಪ ತಡ, ಅನ್ನವಾದರೆ ಬೇಗ. ರೊಟ್ಟಿಯೇ ಬಡಿಸಲಿ ದೇವರೇ ಎಂದು ಬೇಡಿಕೊಂಡ.

ಬ್ಯಾಲದಕೊಪ್ಪದ ಕಟ್ಟೆಯ ಮೇಲೆ ಮೊದಲು ಸಿಕ್ಕವನು ಪಂಚಾಯಿತಿ ಸದಸ್ಯ ಹುಲಗೇಶ. ದೊಡ್ಡ ಮೇಡಂ ಬರುವ ಸುದ್ದಿ ಕೇಳಿದ್ದೇ ಅವನು ಹೆಗಲ ಟವಲು ಕೊಡವಿ, ರೋಗ ಇಳಿದದ್ದು ತಾನು ತರಿಸಿದ ಶುದ್ಧ ನೀರಿನ ಘಟಕದಿಂದ ಎಂದು ಘೋಷಿಸಿದ. ಈ ರೋಗ ನೀರಿನಿಂದ ಬರುವುದಿಲ್ಲ, ರಕ್ತದಿಂದ ಬರುತ್ತದೆ ಎಂದು ದುರ್ಗೇಶ ತಿಳಿಸಿ ಹೇಳಿದ.

"ಕುಡದ ನೀರ ರಕ್ತ ಆಗತೈತಲ್ರಿ?" ಎಂದ ಹುಲಗೇಶ.

ಅಷ್ಟರಲ್ಲಿ ಕಾಮಾಲೆಗೆ ಎಲೆ ಅರೆದು ಕೊಡುವ ಯಂಕವ್ವ ಕೋಲೂರಿಕೊಂಡು ಬಂದಳು. ಊರಿನ ಕಾಮಾಲೆಗೆಲ್ಲ ಔಷಧಿ ಕೊಟ್ಟವಳು ತಾನು, ಹೆಸರು ನೀರಿಗೇಕೆ ಹೋಗಬೇಕು, ಮೇಡಂ ಪಕ್ಕದ ಕುರ್ಚಿ ತನಗೇ ಬೇಕು ಎಂದು ತಕರಾರು ತೆಗೆದಳು. ಹುಲಗೇಶ ಅವಳ ಎಲೆಯನ್ನು ದನವೂ ಮೂಸುವುದಿಲ್ಲ ಎಂದ. ಯಂಕವ್ವ ಅವನ ಘಟಕದಲ್ಲಿ ನೀರು ಬಂದು ಎಷ್ಟು ಕಾಲವಾಯಿತು ಎಂದು ಕೇಳಿದಳು. ಕ್ಷೌರದ ಅಜ್ಜಪ್ಪ ಅಂಗಡಿಯಿಂದಲೇ ಕೂಗಿ, ತಾನು ಗಲ್ಲಕ್ಕೊಂದು ಹೊಸ ಬ್ಲೇಡು ಹಾಕುವುದನ್ನು ಯಾರೂ ಎಣಿಸುವುದಿಲ್ಲ ಎಂದು ನೊಂದುಕೊಂಡ. ಮೂವರಲ್ಲಿ ರೋಗಕ್ಕೆ ಸಂಬಂಧಪಟ್ಟ ಮಾತು ಅವನದೊಂದೇ ಆಗಿತ್ತು, ಅವನ ಮಾತನ್ನೇ ಯಾರೂ ಕೇಳಲಿಲ್ಲ.

ಜಗಳವನ್ನು ಅಲ್ಲಿಗೇ ಬಿಟ್ಟು ದುರ್ಗೇಶ ಆಶಾ ಕಾರ್ಯಕರ್ತೆ ಸರೋಜವ್ವನ ಮನೆಗೆ ಓಡಿದ. ಊರಿನ ಪ್ರತಿ ಮನೆಯ ಬಾಗಿಲೂ ಗೊತ್ತಿದ್ದ ಹೆಂಗಸು ಆಕೆ. ಬೇಗ ಎಲ್ಲರನ್ನೂ ಶಾಲೆಯ ಹತ್ತಿರ ಕರೆಸು ಎಂದ.

"ಎಲ್ಲಾರೂ ಕಳೆ ತಗ್ಯಾಕ ಗದ್ದಿಗೆ ಹೋಗ್ಯಾರ್ರಿ," ಎಂದಳು ಸರೋಜವ್ವ ಸಮಾಧಾನವಾಗಿ. "ಉಳಿವೆಪ್ಪ ಮನ್ಯಾಗ ಅದಾನ. ಕರೀಲೇನ್ರಿ?"

"ಉಳಿವೆಪ್ಪ ಒಬ್ಬಾಂವ ಬಂದು ಏನ್ ಮಾಡ್ತಾನವಾ?"

"ನಾಟಿ ಹೊತ್ತಿಗೆ ನೀವು ಬಂದಾಗ ನಿಮ್ಮ ಕೆಲಸಾ ಅವನೊಬ್ಬನ ಮ್ಯಾಲ ಆತಲ್ರಿ."

ದುರ್ಗೇಶನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಲ್ಲೇ ಇದ್ದ ಒರಳುಕಲ್ಲಿನ ಮೇಲೆ ಕುಳಿತುಬಿಟ್ಟ.

ಆ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನೀನು ನಮ್ಮ ಗದ್ದೆಗೆ ಬಾ, ನಾಳೆ ನಾನು ನಿಮ್ಮ ಗದ್ದೆಗೆ ಬರುತ್ತೇನೆ. ಕೂಲಿಯ ಮಾತಿಲ್ಲ, ಆದರೆ ಬಂದ ಮುಯ್ಯಿಯನ್ನು ತೀರಿಸದವನಿಗೆ ಊರಲ್ಲಿ ಮುಖ ಇಲ್ಲ. ಈ ವರ್ಷ ನಾಟಿಯ ಹೊತ್ತಿಗೆ ಉಳಿವೆಪ್ಪನ ಬೆನ್ನು ಹಿಡಿದುಕೊಂಡಿತು. ಊರವರು ಬಂದು ಅವನ ಗದ್ದೆಗೆ ಸಸಿ ಹಚ್ಚಿಕೊಟ್ಟರು. ಅವನು ಬಗ್ಗಲಾರ, ತಿರುಗಿ ಯಾರ ಗದ್ದೆಗೂ ಹೋಗಲಾರ. ಮುಯ್ಯಿ ತಲೆಯ ಮೇಲೆ ಕುಳಿತು ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅದೇ ವಾರ ದುರ್ಗೇಶನ ರಕ್ತ ಪರೀಕ್ಷೆ ಬಂತು. ನಾಟಿ ಬಿಟ್ಟು ಸಾಲಿನಲ್ಲಿ ನಿಲ್ಲಲು ಯಾರಿಗೆ ಪುರುಸೊತ್ತು? ಊರೇ ಸೇರಿ ತೀರ್ಮಾನಿಸಿತು: ನಾವು ಗದ್ದೆಗೆ ಹೋಗುತ್ತೇವೆ, ನಮ್ಮ ಬೆರಳೆಲ್ಲ ನೀನೇ ಕೊಡು, ಮುಯ್ಯಿ ತೀರಿತು.

ದುರ್ಗೇಶನಿಗೆ ಅಂದಿನದೆಲ್ಲ ಕಣ್ಣಿಗೆ ಕಟ್ಟಿತು. ಸೂಜಿ ನೋಡಿದರೆ ಊರವರು ತಲೆ ತಿರುಗಿ ಬೀಳುತ್ತಾರೆ ಎಂದು ಸರೋಜವ್ವ ಶಾಲೆಯ ಬಾಗಿಲಿಗೆ ಅಡ್ಡ ಸೀರೆ ಕಟ್ಟಿದ್ದಳು. ಆಚೆಯಿಂದ ಅವಳು ಹೆಸರು ಕೂಗುವುದು, ಸೀರೆಯ ಸಂದಿಯಿಂದ ಒಂದು ಬೆರಳು ಬರುವುದು, ಈಚೆಯಿಂದ ಇವನು ಚುಚ್ಚಿ ಒಂದು ಹನಿ ತೆಗೆಯುವುದು. ಯಾವ ಊರಲ್ಲೂ ಕೆಲಸ ಅಷ್ಟು ಸರಸರ ಸಾಗಿರಲಿಲ್ಲ. ಸಂತೋಷದಲ್ಲಿ ಅವನು ಸೀರೆ ಎತ್ತಿ ನೋಡಲೇ ಇಲ್ಲ.

"ಹೆಂಗಸರ ಹೆಸರು ಕರದಾಗ ಬಳಿ ಸಪ್ಪಳ ಆಗತಿತ್ತಲ್ಲವಾ?" ಎಂದು ಕ್ಷೀಣ ದನಿಯಲ್ಲಿ ಕೇಳಿದ.

"ಹೆಂಡ್ತಿ ಬಳಿ ಹಾಕ್ಕೊಂಡಿದ್ನಿರಿ," ಎಂದ ಅಷ್ಟರಲ್ಲಿ ಬಂದು ನಿಂತಿದ್ದ ಉಳಿವೆಪ್ಪ. "ನಿಮಗ ಸಂಶೆ ಬರಬಾರದಂತ. ಒಪ್ಪಕೊಂಡ ಕೆಲಸಾ ನೆಟ್ಟಗ ಮಾಡಬೇಕಲ್ರಿ." ಹತ್ತೂ ಬೆರಳು ಎತ್ತಿ ತೋರಿಸಿದ. ವಾರಗಟ್ಟಲೆ ಅನ್ನ ಕಲಸಲು ಬರಲಿಲ್ಲ ಎಂದು ಹೆಮ್ಮೆಯಿಂದ ಹೇಳಿದ.

ಅಂದರೆ ಆ ಕೆಂಪು ಗೆರೆಯ ತಳದಲ್ಲಿ ಇದ್ದದ್ದು ಬ್ಯಾಲದಕೊಪ್ಪವಲ್ಲ, ಉಳಿವೆಪ್ಪ ಒಬ್ಬನೇ. ಇನ್ನು ಮೇಡಂ ಬಂದು ಖರೇ ಬೆರಳುಗಳನ್ನು ಚುಚ್ಚಿದರೆ ಅರ್ಧ ಊರಿಗೆ ರೋಗ ಕಾಣುತ್ತದೆ, ಗೆರೆ ಎದ್ದು ಕೂರುತ್ತದೆ, ದುರ್ಗೇಶ ಗಿರಣಿಯಲ್ಲಿ ಕೂರುತ್ತಾನೆ. ಅವನಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ ಆಯಿತು. ಇಷ್ಟು ಜನಕ್ಕೆ ನಿಜವಾಗಿಯೂ ರೋಗವಿದ್ದರೆ, ಇಲ್ಲ ಎಂದು ಬರೆದುಕೊಟ್ಟವನು ತಾನೇ ಅಲ್ಲವೇ? ಜೇಬಿನಲ್ಲಿ ಫೋನು ನಡುಗಿತು. ಜೀಪು ಹೊರಟಿದೆ ಎಂದು ಪರಮೇಶಪ್ಪ ಸುದ್ದಿ ಹಾಕಿದ್ದರು. ಊಟಕ್ಕೆ ಅನ್ನವನ್ನೇ ಬಡಿಸಿದ್ದರೆಂದು ಕಾಣುತ್ತದೆ.

ದುರ್ಗೇಶ ಪ್ಯಾಂಟು ಮಡಚಿಕೊಂಡು ಗದ್ದೆಗೆ ಇಳಿದ. ಬದುವಿನಿಂದ ಬದುವಿಗೆ ಹಾರಿದ, ಒಂದು ಚಪ್ಪಲಿಯನ್ನು ಕೆಸರಿಗೆ ಕೊಟ್ಟ, ಇನ್ನೊಂದನ್ನು ಕೈಯಲ್ಲಿ ಹಿಡಿದ. ಕಳೆ ಕೀಳುತ್ತಿದ್ದ ಒಬ್ಬೊಬ್ಬರ ಮುಂದೂ ನಿಂತು, ಇವತ್ತೊಂದು ದಿನ ಕೆಲಸ ಬಿಟ್ಟು ನಿಮ್ಮ ಬೆರಳನ್ನು ನೀವೇ ತನ್ನಿ ಎಂದು ಕೈ ಮುಗಿದ. ಮೊದಲು ಯಾರೂ ಸೊಂಟ ನೆಟ್ಟಗೆ ಮಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಅಂದರು, ಅವರು ಮತ್ತೊಬ್ಬರ ಕಡೆ ನೋಡಿ ತಲೆಯಾಡಿಸಿದರು. ಆಗಲಿ, ಬರುತ್ತೇವೆ ಎಂದು ಗದ್ದೆಗೆ ಗದ್ದೆಯೇ ಎದ್ದಿತು. ಅವರ ದೊಡ್ಡ ಮನಸ್ಸಿಗೆ ದುರ್ಗೇಶ ಇನ್ನೊಮ್ಮೆ ಕೈ ಮುಗಿದ.

ಶಾಲೆಯ ಜಗಲಿಯ ಮೇಲೆ ಮೇಜು ಹಾಕಿದರು. ಸೀರೆ ಕಟ್ಟಲು ಬಂದ ಸರೋಜವ್ವನನ್ನು ದುರ್ಗೇಶ ಕಣ್ಣಲ್ಲೇ ತಡೆದ. ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಅವರ ಒಂದು ಪಕ್ಕ ಹುಲಗೇಶ, ಇನ್ನೊಂದು ಪಕ್ಕ ಯಂಕವ್ವ. ದುರ್ಗೇಶ ಚುಚ್ಚತೊಡಗಿದ. ರಕ್ತದ ಹನಿ ಹಾಕಿದ ಪಟ್ಟಿಯ ಮೇಲೆ ಒಂದು ಗೆರೆ ಮೂಡಿದರೆ ರೋಗ ಇಲ್ಲ, ಎರಡು ಮೂಡಿದರೆ ಇದೆ.

ಮೊದಲ ಪಟ್ಟಿಯಲ್ಲಿ ಒಂದೇ ಗೆರೆ. ಎರಡನೆಯದರಲ್ಲೂ ಒಂದೇ. ಮುಂದಿನದು, ಅದರ ಮುಂದಿನದು, ಮುದುಕರದು, ಬಸುರಿಯದು, ಹುಲಗೇಶನದು, ಎಲ್ಲದರಲ್ಲೂ ಒಂದೇ. ಮೇಜಿನ ತುಂಬ ಪಟ್ಟಿಗಳು ಸಾಲಾಗಿ ಮಲಗಿದವು, ಒಂದರಲ್ಲೂ ಎರಡನೆಯ ಗೆರೆ ಇಲ್ಲ. ಬ್ಯಾಲದಕೊಪ್ಪಕ್ಕೆ ನಿಜವಾಗಿಯೂ ರೋಗ ಇರಲಿಲ್ಲ. ದುರ್ಗೇಶನಿಗೆ ಕುಣಿಯಬೇಕೆನಿಸಿತು, ಬರಿಗಾಲಲ್ಲಿ ಇದ್ದದ್ದರಿಂದ ಸುಮ್ಮನಾದ. ಪರಮೇಶಪ್ಪ ಚೀಲದಿಂದ ಅವನ ಕಾಗದ ಹೊರಗೆ ತೆಗೆದು, ಮೊಣಕಾಲ ಮೇಲೆ ಇಟ್ಟುಕೊಂಡು, ಪೆನ್ನಿನ ಟೋಪಿ ಬಿಚ್ಚಿದರು.

ಆಗ ಮೇಡಂ ಮತ್ತೆ ಬಾಯಿ ತೆರೆದರು.

"ಒಂದು ಅರ್ಥ ಆಗ್ತಿಲ್ಲ. ದೊಡ್ಡವರ ರಕ್ತದಲ್ಲಿ ಇದು ಒಂದು ಸಲ ಮನೆ ಮಾಡಿದರೆ ಸುಮ್ಮನೆ ಹೋಗೋದು ಬಹಳ ಅಪರೂಪ. ಔಷಧಿಯಿಂದ ಹತೋಟಿಯಲ್ಲಿರುತ್ತೆ, ಅಷ್ಟೇ. ಇದೇ ಮನೆಗಳು, ಇದೇ ಜನ. ಆಗ ಅರ್ಧ ಊರಿಗೆ ಇದ್ದದ್ದು ಈಗ ಎಲ್ಲಿಗೆ ಹೋಯ್ತು?"

ಪೆನ್ನು ಕಾಗದಕ್ಕೆ ಮುಟ್ಟದೆ ನಿಂತಿತು. ಈ ಪ್ರಶ್ನೆಗೆ ಉತ್ತರ ಉಳಿವೆಪ್ಪನಲ್ಲಿ ಇತ್ತು.

"ಈ ಸಲ ನಾಟಿ ಹೊತ್ತಿಗೆ ಸೀರಿ ಹಿಂದಿಂದ ಕೊಟ್ಟ ಬೆರಳೆಲ್ಲಾ ನಂದರಿ ಮೇಡಂ," ಎಂದ ಅವನು ಮುಂದೆ ಬಂದು. ದುರ್ಗೇಶ ಕಣ್ಣು ಮುಚ್ಚಿಕೊಂಡ. "ಹಿಂದಿನ ಸಲದ್ದು ನಂದಲ್ಲ. ಆಗ ನನ್ನ ಬೆನ್ನು ಚೊಲೋ ಇತ್ತು, ನಾನೂ ಗದ್ದ್ಯಾಗ ಇದ್ದೆ. ಮನ್ಯಾಗ ಕುಂತ ಮುದುಕ್ರು ಅಷ್ಟ ಬಂದು ತಮ್ಮ ಬೆರಳು ತಾವು ಕೊಟ್ರು. ಉಳದ ಅರ್ಧಾ ಮಂದೀದು ಈ ಸಾಹೇಬ್ರ ಕೊಟ್ರಿ."

ಅವನು ಬೆರಳು ಮಾಡಿ ತೋರಿಸಿದ್ದು ಪರಮೇಶಪ್ಪನವರ ಕಡೆಗೆ.

ಆಗ ಸೂಜಿ ಹಿಡಿದು ಊರಿಗೆ ಬಂದಿದ್ದ ಟೆಕ್ನಿಷಿಯನ್ ಅವರೇ. ರಕ್ತದ ಹನಿಯನ್ನು ಕಾಗದಕ್ಕೆ ಹಚ್ಚಿ ಒಣಗಿಸಿ ದೂರದ ಲ್ಯಾಬಿಗೆ ಕಳಿಸುವ ಕಾಲ ಅದು. ಮುದುಕರದು ಮುಗಿದ ಮೇಲೆ ಜನರೇ ಇಲ್ಲ, ಕಾಗದಗಳು ಅರ್ಧ ಖಾಲಿ. ಪಕ್ಕದ ಊರಿನಲ್ಲಿ ಪರಮೇಶಪ್ಪನವರದೇ ಗದ್ದೆ ಇತ್ತು, ನಾಟಿಗೆ ಆಳಿಲ್ಲದೆ ಒಣಗುತ್ತಿತ್ತು. ಊರವರು ಅವರ ಗದ್ದೆಗೆ ಸಸಿ ಹಚ್ಚಿಕೊಟ್ಟರು, ಅವರು ಊರವರ ಪರವಾಗಿ ಬೆರಳು ಚುಚ್ಚಿಕೊಂಡರು. ಫಲಿತಾಂಶ ನೇರ ಬೆಂಗಳೂರಿಗೆ ಹೋಯಿತು. ಅರ್ಧ ಊರಿಗೆ ರೋಗ ಎಂದು ಬಹಳ ದಿನದ ಮೇಲೆ ವರದಿ ಬಂದಾಗ, ಲ್ಯಾಬಿನವರು ಏನೋ ಅದಲುಬದಲು ಮಾಡಿದ್ದಾರೆ ಎಂದುಕೊಂಡು ಪರಮೇಶಪ್ಪ ಸುಮ್ಮನಾಗಿದ್ದರು.

ಲೆಕ್ಕ ಮಾಡಲು ಮೇಡಂ ಆಗಬೇಕಾಗಿರಲಿಲ್ಲ, ಯಂಕವ್ವನಿಗೂ ಲೆಕ್ಕ ತಿಳಿಯಿತು.

"ಪರಮೇಶಪ್ಪನವರೇ, ನಿಮ್ಮ ಬೆರಳು ಕೊಡಿ," ಎಂದರು ಮೇಡಂ ಮೆತ್ತಗೆ.

ಕೈ ತೊಳೆದು ಬರುತ್ತೇನೆ ಎಂದು ಪರಮೇಶಪ್ಪ ದುರ್ಗೇಶನನ್ನು ಕರೆದುಕೊಂಡು ಶಾಲೆಯ ಹಿಂದಿನ ನಳದ ಹತ್ತಿರ ಹೋದರು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. ಕಾಗದ ಇನ್ನೂ ಕೈಯಲ್ಲೇ ಇತ್ತು.

"ದುರ್ಗೇಶ, ಸೂಜಿ ನೋಡಿದ್ರ ನನಗೂ ತಲಿ ತಿರಗತೈತಿ ಅಂತ ಹೇಳ್ತೇನಿ. ನೀ ಆ ಸೀರಿ ಕಟ್ಟು. ಒಳಗಿಂದ ನಿನ್ನ ಬೆರಳು ಕೊಟ್ಟಬಿಡು. ಸಹಿ ಈಗ ಇಲ್ಲೇ ಮಾಡ್ತೇನಿ." ನಳದ ಕಟ್ಟೆಯ ಮೇಲೆ ಕಾಗದ ಇಟ್ಟು ಅವರು ಪೆನ್ನು ಹಿಡಿದರು. "ಮುಯ್ಯಿ ಅಂತ ತಿಳ್ಕೋ."

ಸಹಿ ಒಂದು ಗೇಣು ದೂರದಲ್ಲಿತ್ತು. ದುರ್ಗೇಶನಿಗೆ ಗಿರಣಿ ಕಂಡಿತು, ಮಾವ ಕಂಡ, ಮಲ್ಲಿಕಾ ಕಂಡಳು. ಆದರೆ ಎಲ್ಲಕ್ಕಿಂತ ಹತ್ತಿರ ಕಂಡದ್ದು ಪರಮೇಶಪ್ಪನವರ ಮುಖ. ದಿನವೂ ಬೈಯುವ ಆ ಮುಖದಲ್ಲಿ ಈಗ ಹೆದರಿಕೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅವನಿಗೆ ಬಹಳ ಕೆಡುಕೆನಿಸಿತು. ಇಷ್ಟು ವರ್ಷ ಈ ಮನುಷ್ಯ ತನ್ನ ರಕ್ತವನ್ನೇ ಗೋಡೆಯ ಮೇಲೆ ಕೆಂಪು ಗೆರೆಯಾಗಿ ನೋಡುತ್ತ ಕೂತಿದ್ದನಲ್ಲ ಎನಿಸಿತು.

"ಸರ್, ಬೆರಳಿಗೆ ಬೇಕಾದ್ರ ಮುಯ್ಯಿ ಬರ್ತೇನಿ. ಲಿವರಿಗೆ ಹೆಂಗ ಬರಲ್ರಿ?" ಎಂದ. "ಔಷಧಿ ಐತಿ. ಈಗ ನೋಡಿಸ್ಕೊಂಡ್ರ ಏನೂ ಆಗಂಗಿಲ್ಲ. ಬರ್ರಿ, ನಾನ ಚುಚ್ಚತೇನಿ, ನೋವಾಗಂಗಿಲ್ಲ."

ಪರಮೇಶಪ್ಪನವರ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ಮೇಡಂ ಬೈಯಲಿಲ್ಲ. ಹೆದರಬೇಡಿ, ಮುಂದಿನ ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವರನ್ನು ಜೀಪಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ದುರ್ಗೇಶ ಹಿಂಜರಿಯುತ್ತ ಕಾಗದ ಮುಂದೆ ಹಿಡಿದ. ಮೇಡಂ ಅದನ್ನು ಪೂರ್ತಿ ಓದಿದರು. ವಿಚಾರಣೆ ಮುಗಿಯುವ ತನಕ ಪರಮೇಶಪ್ಪನವರ ಸಹಿ ನಡೆಯುವುದಿಲ್ಲ ಎಂದರು. ಹಿಂದಿನ ಸಲದ ಲೆಕ್ಕವೂ ರದ್ದು, ಸೀರೆಯ ಮರೆಯ ಈ ಸಲದ ಲೆಕ್ಕವೂ ರದ್ದು, ಹಾನಗಲ್ಲಿಗೆ ಇನ್ನು ಗೆರೆಯೇ ಇಲ್ಲ, ಹೊಸದಾಗಿ ಶುರು ಮಾಡುವಾಗ ಹೊಸದಾಗಿ ಅರ್ಜಿ ಕರೆಯುತ್ತಾರೆ, ಆಗ ನೀವೂ ಹಾಕಿ ಎಂದರು. ನಿಮ್ಮ ಮನಸ್ಸು ಒಳ್ಳೆಯದು ಎಂದೂ ಹೇಳಿದರು. ಜೀಪು ಹೋಯಿತು.

ದುರ್ಗೇಶ ಜಗಲಿಯ ಮೆಟ್ಟಿಲ ಮೇಲೆ ಕೂತ. ಬುತ್ತಿ ಬಿಚ್ಚುವ ಮನಸ್ಸೂ ಇರಲಿಲ್ಲ. ತಲೆ ಎತ್ತಿದಾಗ ಊರು ಇನ್ನೂ ಚದುರಿರಲಿಲ್ಲ. ಎಲ್ಲರೂ ಸುತ್ತ ನಿಂತು ಅವನನ್ನೇ ನೋಡುತ್ತಿದ್ದರು. ಸಮಾಧಾನ ಹೇಳಲು ಬಂದಿದ್ದಾರೆ ಎಂದು ಅವನು ಕಣ್ಣೊರೆಸಿಕೊಂಡ.

"ನಾಳೆ ಮುಂಜಾನೆ ಹುಲಗೇಶನ ಗದ್ದಿ," ಎಂದ ಉಳಿವೆಪ್ಪ. "ನಾಡದ ಸರೋಜವ್ವಂದು. ಅದರ ಮರುದಿನ ನಮ್ಮ ಅಜ್ಜಪ್ಪಂದು."

"ಏನಿದು?"

"ಇವತ್ತ ಊರ ಮಂದಿ ಎಲ್ಲಾ ಕಳೆ ಬಿಟ್ಟು ನಿಮ್ಮ ಕೆಲಸಕ್ಕ ಬಂದಾರಲ್ರಿ. ಮುಯ್ಯಿ ತೀರಸಬೇಕಲ್ರಿ? ಪರಮೇಶಪ್ಪ ಸಾಹೇಬ್ರು ಬೆರಳ ಕೊಟ್ಟು ತೀರಿಸಿದ್ರು. ಬೆರಳಿನ ಯವಾರ ಇನ್ನ ನಡಿಯಂಗಿಲ್ಲ ಅಂತ ಮೇಡಂ ಹೇಳಿ ಹೋದ್ರು. ಅಂದ ಮ್ಯಾಲ ನೀವು ಗದ್ದಿಗೇ ಇಳೀಬೇಕು. ಮಧ್ಯಾಹ್ನದ ಬುತ್ತಿ ನಮ್ಮದ."

ಆಗ ಫೋನು ಬಡಿದುಕೊಂಡಿತು. ಮಲ್ಲಿಕಾ.

"ಏನಾತ್ರಿ? ಕೆಲಸಾ ಮುಂದವರೀತೋ ಇಲ್ಲೋ?"

ದುರ್ಗೇಶ ಸುತ್ತ ನಿಂತ ಮನೆಮನೆಯವರನ್ನು ನೋಡಿದ. ಅವರು ಬೆರಳು ಮಡಚುತ್ತ ತಮ್ಮ ತಮ್ಮ ಪಾಳಿ ಗೊತ್ತು ಮಾಡಿಕೊಳ್ಳುತ್ತಿದ್ದರು.

"ಮುಂದವರದೈತಿ," ಎಂದ.

"ಎಲ್ಲೀತನಕ್ರಿ?"

ಅವನು ಫೋನಿಗೆ ಕೈ ಅಡ್ಡ ಹಿಡಿದು ಉಳಿವೆಪ್ಪನನ್ನು ಕೇಳಿದ. ಉಳಿವೆಪ್ಪ ಊರಿನ ಮನೆಗಳ ಕಡೆಗೊಮ್ಮೆ, ಗದ್ದೆಗಳ ಕಡೆಗೊಮ್ಮೆ ನೋಡಿ ಹೇಳಿದ.

ದುರ್ಗೇಶ ಕೈ ತೆಗೆದು ಹೆಂಡತಿಗೆ ಅದನ್ನೇ ಹೇಳಿದ.

"ಸುಗ್ಗಿ ಮುಗಿಯೋತನಕ."